ಅಡುಗೆಮನೆಯ ತಕ್ಕಡಿ: ಟಿವಿ ನೋಡಿ ಕೊಂಡದ್ದರಲ್ಲಿ ದಿನವೂ ಬಳಸುವ ವಸ್ತು

ಟಿವಿಯ ಅಡುಗೆ ಕಾರ್ಯಕ್ರಮಗಳ ದೆಸೆಯಿಂದ ನಮ್ಮ ಮನೆಗೆ ಬಂದ ಸಾಮಾನುಗಳು ಬಹಳ. ಸಿಲಿಕೋನ್ ಅಚ್ಚುಗಳು, ಕ್ರೀಂ ಹಿಂಡುವ ಚೀಲ, ಅದರ ಬಗೆಬಗೆಯ ಮೂತಿಗಳು ಎಲ್ಲವೂ ಈಗ ಅಟ್ಟದ ಮೇಲಿವೆ. ಒಲೆಯ ಪಕ್ಕದ ಕಟ್ಟೆಯಲ್ಲಿ ಕಾಯಂ ಜಾಗ ಸಿಕ್ಕಿರುವುದು ಡಿಜಿಟಲ್ ತಕ್ಕಡಿಗೆ ಮಾತ್ರ. ಐದು ಕಿಲೋವರೆಗೆ ತೂಗುತ್ತದೆ, ಒಂದೊಂದು ಗ್ರಾಂ ಲೆಕ್ಕ ತೋರಿಸುತ್ತದೆ, ಎರಡು ಸಣ್ಣ ಸೆಲ್‌ಗಳಲ್ಲಿ ನಡೆಯುತ್ತದೆ. ಮೈಸೂರಿನ ಪಾತ್ರೆ ಅಂಗಡಿಯೊಂದರಲ್ಲಿ ಐನೂರು ರೂಪಾಯಿಯ ಆಸುಪಾಸಿನಲ್ಲಿ ಕೊಂಡದ್ದು. ಕೇಕು, ಬ್ರೆಡ್ಡು, ಉಪ್ಪಿನಕಾಯಿ, ಮಸಾಲೆಪುಡಿ ಇವುಗಳಲ್ಲಿ ಯಾವುದನ್ನಾದರೂ ಮನೆಯಲ್ಲೇ ಮಾಡುವವರು ಒವನ್‌ಗಿಂತ ಮೊದಲು ಇದನ್ನು ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರ ಮೇಲೆ ಕಣ್ಣು ಬಿದ್ದದ್ದು ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ನೋಡುವಾಗ. 2009ರಲ್ಲಿ ಆ ದೇಶದಲ್ಲಿ ಶುರುವಾದ ಈ ಸ್ಪರ್ಧೆ ನಮ್ಮಲ್ಲಿ ಸ್ಟಾರ್ ವರ್ಲ್ಡ್ ವಾಹಿನಿಯಲ್ಲಿ ಬರುತ್ತಿತ್ತು. ನಾನೂ ಮಗಳೂ ರಾತ್ರಿಯ ಊಟ ಮುಗಿಸಿ ಅದರ ಮುಂದೆ ಕೂರುತ್ತಿದ್ದೆವು. 2010ರ ಅಂತಿಮ ಸುತ್ತಿನಲ್ಲಿ ಸಿಡ್ನಿಯ ಬಾಣಸಿಗ ಪೀಟರ್ ಗಿಲ್ಮೋರ್ ಅವರ ‘ಸ್ನೋ ಎಗ್’ ಎಂಬ ಸಿಹಿಯನ್ನು ಮಾಡಬೇಕಿತ್ತು. ಸೀಬೆಹಣ್ಣು, ಸೀತಾಫಲ ಎರಡೂ ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಬುಟ್ಟಿಗಟ್ಟಲೆ ಸಿಗುವ ಹಣ್ಣುಗಳು. ಅವುಗಳಿಂದ ಅಂಥದ್ದೊಂದು ಮೊಟ್ಟೆಯಾಕಾರದ ತಿನಿಸು ಎದ್ದು ಬರುವುದನ್ನು ಬೆರಗಿನಿಂದ ನೋಡಿದೆವು. ಮಗಳು ತಟ್ಟೆಯ ಅಲಂಕಾರವನ್ನು ಗಮನಿಸುತ್ತಿದ್ದಳು. ನನಗೆ ಕಂಡದ್ದು ಬೇರೆ: ಗಡಿಯಾರ ಓಡುತ್ತಿದ್ದರೂ, ಕೈ ನಡುಗುತ್ತಿದ್ದರೂ ಈ ಸ್ಪರ್ಧಿಗಳು ಸಕ್ಕರೆಯನ್ನು ತೂಗದೆ ಪಾತ್ರೆಗೆ ಹಾಕುವುದಿಲ್ಲ.

ನಮ್ಮ ಕನ್ನಡದ ಅಡುಗೆ ಕಾರ್ಯಕ್ರಮಗಳಲ್ಲಿ ‘ಒಂದು ಕಪ್’, ‘ಒಂದು ಚಮಚ’, ‘ರುಚಿಗೆ ತಕ್ಕಷ್ಟು ಉಪ್ಪು’ ಎನ್ನುತ್ತಾರೆ. ಅದು ಸರಿಯಾದ ಮಾತೇ. ಪಲ್ಯ, ಸಾರು, ಗೊಜ್ಜುಗಳಿಗೆ ಕೊನೆಯ ಕ್ಷಣದವರೆಗೂ ತಿದ್ದುಪಡಿಗೆ ಅವಕಾಶವಿದೆ. ಹುಳಿ ಹೆಚ್ಚಾದರೆ ಬೆಲ್ಲ, ಖಾರ ಹೆಚ್ಚಾದರೆ ಕಾಯಿತುರಿ. ಒವನ್ ಒಳಗೆ ಹೋದ ಕೇಕಿಗೆ ಆ ಸೌಲಭ್ಯವಿಲ್ಲ. ಬಾಗಿಲು ಮುಚ್ಚಿದ ಮೇಲೆ ನಾವು ಮಾಡಬಹುದಾದದ್ದು ಕಾಯುವುದಷ್ಟೇ. ಆದ್ದರಿಂದ ಎಚ್ಚರವೆಲ್ಲ ಮೊದಲೇ ಇರಬೇಕು. ಒಂದೇ ಕಪ್ಪಿನಲ್ಲಿ ಮೈದಾವನ್ನು ಹಗುರವಾಗಿ ತುಂಬಿದರೆ 120 ಗ್ರಾಂ, ಡಬ್ಬಿಯೊಳಗೆ ಕಪ್ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ಬರುತ್ತದೆ. ಕೇಕು ಮೃದುವಾಗುವುದೂ ಗಟ್ಟಿಯಾಗುವುದೂ ಇಷ್ಟು ವ್ಯತ್ಯಾಸದಲ್ಲೇ ನಿರ್ಧಾರವಾಗುತ್ತದೆ.

ತಕ್ಕಡಿಯ ಉಪಯೋಗ ನನಗೆ ಪೂರ್ತಿ ಮನದಟ್ಟಾದದ್ದು ವಿಕ್ಟೋರಿಯಾ ಸ್ಯಾಂಡ್‌ವಿಚ್ ಕೇಕಿನಲ್ಲಿ. 2010ರಲ್ಲಿ ಬಿಬಿಸಿಯಲ್ಲಿ ಆರಂಭವಾದ ‘ಗ್ರೇಟ್ ಬ್ರಿಟಿಷ್ ಬೇಕ್ ಆಫ್’ ನೋಡಿದವರಿಗೆ ಇದು ಗೊತ್ತಿರುತ್ತದೆ: ಎರಡು ಸಾದಾ ಸ್ಪಂಜುಗಳು, ನಡುವೆ ರಾಸ್‌ಬೆರಿ ಜಾಮ್, ಮೇಲೆ ಸಕ್ಕರೆಪುಡಿ. ಅಲ್ಲಿ ತೀರ್ಪುಗಾರರಾಗಿದ್ದ ಮೇರಿ ಬೆರಿ ಅವರ ಪಾಕವಿಧಾನದಲ್ಲಿ ನಾಲ್ಕು ದೊಡ್ಡ ಮೊಟ್ಟೆಗೆ ಬೆಣ್ಣೆ, ಸಕ್ಕರೆ, ಹಿಟ್ಟು ತಲಾ 225 ಗ್ರಾಂ. ಆದರೆ ಬ್ರಿಟನ್ನಿನ ‘ದೊಡ್ಡ’ ಮೊಟ್ಟೆ ಸಿಪ್ಪೆಯೊಂದಿಗೆ 63ರಿಂದ 73 ಗ್ರಾಂ ತೂಗುತ್ತದೆ. ನಮ್ಮ ಬೀದಿಯ ಅಂಗಡಿಯ ಮೊಟ್ಟೆ ತಕ್ಕಡಿಯ ಮೇಲೆ 52, 54 ಎಂದು ತೋರಿಸುತ್ತದೆ. ನಾಲ್ಕು ಮೊಟ್ಟೆಗೆ ನಲವತ್ತು ಗ್ರಾಂಗೂ ಹೆಚ್ಚು ಕೊರತೆ! ಹಾಗಾಗಿ ಹಳೆಯ ಕ್ರಮವೇ ನಮಗೆ ಒಳ್ಳೆಯದು: ಮೊದಲು ಮೊಟ್ಟೆಗಳನ್ನು ಸಿಪ್ಪೆಸಹಿತ ತೂಗುವುದು, ಎಷ್ಟು ಬಂತೋ ಅಷ್ಟೇ ತೂಕದ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಹಿಟ್ಟು. ಅಲ್ಲಿ ಇದಕ್ಕೆ ಬಳಸುವ, ಬೇಕಿಂಗ್ ಪೌಡರ್ ಬೆರೆತೇ ಬರುವ ಸೆಲ್ಫ್ ರೈಸಿಂಗ್ ಹಿಟ್ಟು ನಮ್ಮ ದಿನಸಿ ಅಂಗಡಿಯಲ್ಲಿ ಸಿಗುವುದಿಲ್ಲ. 150 ಗ್ರಾಂ ಮೈದಾಕ್ಕೆ ಎರಡು ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿದರೆ ಆಯಿತು. ನಮ್ಮ ಸಕ್ಕರೆಯ ಹರಳು ದಪ್ಪ, ಅದನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಬೇಕು. ಕಪ್ಪಿನಲ್ಲಿ ಅಳೆಯುವವರು ಪುಡಿ ಮಾಡುವ ಮೊದಲು ಅಳೆಯಬೇಕೋ ಆಮೇಲೋ ಎಂದು ತಲೆ ಕೆಡಿಸಿಕೊಳ್ಳಬೇಕು. ತೂಕಕ್ಕೆ ಆ ತಾಪತ್ರಯವಿಲ್ಲ, ಪುಡಿಯಾದರೂ ಇನ್ನೂರು ಗ್ರಾಂ ಇನ್ನೂರೇ.

ಟೇರ್ ಗುಂಡಿಯ ಬಗ್ಗೆ ಹೇಳಲೇಬೇಕು. ಪಾತ್ರೆ ಇಟ್ಟು ಒತ್ತಿದರೆ ಅಂಕಿ ಸೊನ್ನೆಗೆ ಬರುತ್ತದೆ. ಬೆಣ್ಣೆ ಹಾಕಿ ಮತ್ತೆ ಒತ್ತಿ, ಸಕ್ಕರೆ ಹಾಕಿ ಮತ್ತೆ ಒತ್ತಿ. ಕಪ್ಪುಗಳಿಗೆ ಮೆತ್ತಿಕೊಂಡ ಬೆಣ್ಣೆಯನ್ನು ಬಳಿಯುವ ಕೆಲಸವೂ ಇಲ್ಲ, ತೊಳೆಯುವ ಪಾತ್ರೆಗಳೂ ಕಡಿಮೆ. ಜೇನುತುಪ್ಪವಾದರೆ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅದರಿಂದ ಸುರಿದುಕೊಂಡು ಮತ್ತೆ ಇಡುತ್ತೇನೆ. ಮೈನಸ್ 40 ಎಂದು ತೋರಿಸಿದರೆ ನಲವತ್ತು ಗ್ರಾಂ ಪಾತ್ರೆಗೆ ಬಿದ್ದಿದೆ ಎಂದರ್ಥ. ಮಿಲಿಲೀಟರ್ ತೋರಿಸುವ ಇನ್ನೊಂದು ಗುಂಡಿಯೂ ಇದೆ, ಅದನ್ನು ನಂಬಬೇಡಿ. ಅದು ಎಲ್ಲವನ್ನೂ ನೀರೆಂದೇ ಲೆಕ್ಕ ಹಾಕುತ್ತದೆ. ನೂರು ಮಿಲಿ ಎಣ್ಣೆಯ ತೂಕ ಸುಮಾರು 92 ಗ್ರಾಂ.

ಈಗ ಕೊರತೆಗಳು. ಒಂದೆರಡು ಗ್ರಾಂ ತೂಗಲು ಇದು ಆಗದು. ಯೀಸ್ಟನ್ನೋ ಏಲಕ್ಕಿಪುಡಿಯನ್ನೋ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಹೋದರೆ ಅಂಕಿ ಕದಲುವುದೇ ಇಲ್ಲ, ಆಮೇಲೆ ಒಮ್ಮೆಲೇ ಮೂರಕ್ಕೆ ನೆಗೆಯುತ್ತದೆ. ಸೊನ್ನೆಯ ಹತ್ತಿರದ ಸಣ್ಣ ಏರಿಳಿತವನ್ನು ಯಂತ್ರವೇ ಒರೆಸಿಹಾಕುವಂತೆ ಮಾಡಿರುತ್ತಾರೆ. ಅಂಥ ಕೆಲಸಕ್ಕೆ ಹತ್ತನೇ ಒಂದು ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇರೆಯೇ ಬೇಕು. ಎರಡನೆಯದು, ತಾನಾಗಿ ಆರಿಹೋಗುವ ಗುಣ. ಹಿಟ್ಟು ಹಾಕಿ, ಬಾಗಿಲ ಬಳಿ ಹಾಲಿನವರೊಂದಿಗೆ ಎರಡು ಮಾತಾಡಿ ಬರುವಷ್ಟರಲ್ಲಿ ಪರದೆ ಕಪ್ಪಾಗಿರುತ್ತದೆ, ಅಲ್ಲಿಯವರೆಗಿನ ಲೆಕ್ಕವೂ ಹೋಗಿರುತ್ತದೆ. ಮೂರನೆಯದು ತಯಾರಕರು ಯೋಚಿಸಬೇಕಾದ ವಿಷಯ: ಅಗಲವಾದ ಬೋಗುಣಿ ಇಟ್ಟರೆ ಅಂಕಿಗಳು ಅದರ ಅಡಿಗೆ ಸೇರುತ್ತವೆ, ಬಗ್ಗಿ ಇಣುಕಿ ನೋಡಬೇಕು.

ಒವನ್ ಇಲ್ಲದವರಿಗೆ ಇದೇಕೆ ಎನ್ನಬಹುದು. ಉಪ್ಪಿನಕಾಯಿ ಹಾಕುವವರನ್ನು ಕೇಳಿ. ಒಂದು ಚಮಚ ಪುಡಿ ಉಪ್ಪಿನ ತೂಕ ಒಂದು ಚಮಚ ಕಲ್ಲುಪ್ಪಿಗೆ ಇರುವುದಿಲ್ಲ. ಹರಳು ದಪ್ಪವಾದಷ್ಟೂ ನಡುವೆ ಗಾಳಿ ಹೆಚ್ಚು. ಉಪ್ಪು ಕಡಿಮೆಯಾದರೆ ಭರಣಿಯಲ್ಲಿ ಬೂಸಲು ಬರುತ್ತದೆ. ಮಾವಿನಕಾಯಿಯನ್ನೂ ಉಪ್ಪನ್ನೂ ತೂಗಿ ಹಾಕತೊಡಗಿದ ಮೇಲೆ ನಾನು ಯಾವ ಉಪ್ಪು ಸಿಕ್ಕಿತು ಎಂದು ಚಿಂತಿಸುವುದಿಲ್ಲ.

ನನಗೆ ಎಲ್ಲಕ್ಕಿಂತ ಬೆಲೆಬಾಳುವ ಉಪಯೋಗ ಸಿಕ್ಕಿದ್ದು ಹುಳಿಪುಡಿಯಲ್ಲಿ. ನಮ್ಮ ಅತ್ತೆಯವರ ಹುಳಿಪುಡಿಗೆ ಕಾಗದದ ಮೇಲೆ ಲೆಕ್ಕವಿರಲಿಲ್ಲ, ಎಲ್ಲವೂ ಹಿಡಿಯ ಲೆಕ್ಕ. ಮಗಳು ಓದಲು ಮ್ಯಾಂಚೆಸ್ಟರ್‌ಗೆ ಹೊರಟಾಗ ತಕ್ಕಡಿಯ ಮೇಲೆ ಸ್ಟೀಲ್ ತಟ್ಟೆ ಇಟ್ಟು, “ಅತ್ತೆ, ನೀವು ಎಂದಿನಂತೆ ಹಾಕುತ್ತಾ ಹೋಗಿ, ನಾನು ಬರೆದುಕೊಳ್ಳುತ್ತೇನೆ” ಎಂದೆ. “ನನ್ನ ಕೈಯನ್ನೇ ತೂಗುತ್ತೀಯೇನಮ್ಮಾ?” ಎಂದು ನಕ್ಕರು. ಧನಿಯಾ ಮೂರು ಹಿಡಿ ಹಾಕಿದರು. ಮೊದಲ ಹಿಡಿ 27 ಗ್ರಾಂ, ಎರಡನೆಯದು 28, ಮೂರನೆಯದು ಮತ್ತೆ 27. ನಾನು ಅಂಕಿ ಓದಿ ಹೇಳಿದಾಗ ಅವರಿಗೆ ಅದೇನೂ ವಿಶೇಷ ಎನಿಸಲಿಲ್ಲ, ಕಡಲೆಬೇಳೆಯ ಡಬ್ಬಿಗೆ ಕೈ ಹಾಕಿದ್ದರು. ಕಡಲೆಬೇಳೆ, ಉದ್ದಿನಬೇಳೆ, ಮೆಂತ್ಯ, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ, ಚಕ್ಕೆ ಎಲ್ಲದರ ತೂಕವೂ ಈಗ ನಮ್ಮಲ್ಲಿದೆ. ಎಷ್ಟು ಹುರಿಯಬೇಕು ಎಂಬುದಕ್ಕೆ ಮಾತ್ರ ಅವರು ‘ಘಮ ಬರುವವರೆಗೆ’ ಎಂದೇ ಬರೆಸಿದರು. ಮಗಳು ಅಲ್ಲಿ ಅದೇ ಲೆಕ್ಕದಲ್ಲಿ ಮಾಡಿಕೊಂಡ ಹುಳಿಗೆ ಮನೆಯ ರುಚಿಯೇ ಬಂದಿತಂತೆ.

ಹುರಿಯುವ ಮಾತು ಬಂದದ್ದರಿಂದ ಹೇಳುತ್ತೇನೆ, ತಕ್ಕಡಿ ಒಂದರಿಂದಲೇ ಎಲ್ಲವೂ ಆಗುವುದಿಲ್ಲ. ಮಾಸ್ಟರ್‌ಶೆಫ್‌ನ ಮೊದಲ ಆವೃತ್ತಿಯಲ್ಲಿ ಸಿಹಿತಿನಿಸುಗಳ ಬಾಣಸಿಗ ಏಡ್ರಿಯಾನೋ ಜುಂಬೋ ಅವರ ಗೋಪುರದಂಥ ಕ್ರೊಕಾಂಬುಶ್ ಎಂಬ ಫ್ರೆಂಚ್ ಸಿಹಿಯನ್ನು ನೋಡಿ, ಅದರಲ್ಲಿ ಪೇರಿಸುವ ‘ಶೂ’ (choux) ಎಂಬ ಪುಟ್ಟ ಟೊಳ್ಳು ಬನ್‌ಗಳನ್ನು ಮನೆಯಲ್ಲಿ ಮಾಡಿದಾಗ ಇದು ತಿಳಿಯಿತು. ನೀರು, ಬೆಣ್ಣೆ, ಮೈದಾ ತೂಗಬಹುದು. ಆದರೆ ಒಲೆಯ ಮೇಲೆ ಮುದ್ದೆ ಮಗುಚುವಾಗ ಎಷ್ಟು ನೀರು ಆವಿಯಾಯಿತು ಎಂಬುದರ ಮೇಲೆ ಮೊಟ್ಟೆಯ ಪ್ರಮಾಣ ನಿಂತಿದೆ. ಸೌಟು ಎತ್ತಿದಾಗ ಹಿಟ್ಟು ತ್ರಿಕೋನದ ನಾಲಿಗೆಯಂತೆ ಇಳಿಬಿದ್ದರೆ ಸಾಕೆಂದು ಕಣ್ಣೇ ಹೇಳಬೇಕು.

ಕೊಳ್ಳುವವರು ಗಮನಿಸಬೇಕಾದದ್ದು: ಗಾಜಿನ ಮೇಲ್ಮೈಗಿಂತ ಪ್ಲಾಸ್ಟಿಕ್ ಅಥವಾ ಸ್ಟೀಲಿನದು ಮೇಲು, ಒದ್ದೆ ಪಾತ್ರೆ ಜಾರುವುದಿಲ್ಲ. ಅಂಕಿಯ ಪರದೆ ತಟ್ಟೆಯಿಂದ ಆದಷ್ಟು ಮುಂದೆ ಚಾಚಿರಲಿ. ಒಳಗಿರುವುದು ಭಾರಕ್ಕೆ ಕೂದಲೆಳೆಯಷ್ಟು ಬಾಗುವ ಒಂದು ಲೋಹದ ಪಟ್ಟಿ. ಆದ್ದರಿಂದ ಮೇಲೆ ಕುಕ್ಕರ್ ಪೇರಿಸಿ ಇಡಬಾರದು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಪರೀಕ್ಷಿಸಿ. 2012 ಅಥವಾ 2013 ಎಂದು ಅಚ್ಚಾಗಿರುವ ಸಾದಾ ಐದು ರೂಪಾಯಿ ನಾಣ್ಯದ ತೂಕ 6 ಗ್ರಾಂ. ಅಂಥ ಹತ್ತು ನಾಣ್ಯಗಳನ್ನು ಒಟ್ಟಿಗೆ ಇಟ್ಟಾಗ 60 ತೋರಿಸಬೇಕು. 59 ಅಥವಾ 61 ಆದರೂ ಒಪ್ಪಿಕೊಳ್ಳಬಹುದು. ನಾಣ್ಯಗಳನ್ನು ತಟ್ಟೆಯ ನಾಲ್ಕೂ ಮೂಲೆಗೆ ಸರಿಸಿ ನೋಡಿ, ಅಂಕಿ ಬದಲಾದರೆ ಬೇರೊಂದು ತೆಗೆಸಿ.