34 ಇಂಚಿನ ಕಾಂಪೋಸಿಟ್ ಬ್ಯಾಟ್: ಪುರುಷರ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್‌ಗೆ ಎಷ್ಟು ತಕ್ಕದ್ದು?

2019ರಲ್ಲಿ ಪ್ರಾಗ್‌ನಲ್ಲಿ ನಡೆದ ಪುರುಷರ ಫಾಸ್ಟ್‌ಪಿಚ್ (ಚೆಂಡನ್ನು ಕೈ ಕೆಳಗಿನಿಂದ ಜೋರಾಗಿ ಎಸೆಯುವ) ಸಾಫ್ಟ್‌ಬಾಲ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅರ್ಜೆಂಟೀನಾ ಜಪಾನನ್ನು 3-2ರಿಂದ ಮಣಿಸಲು 10 ಇನಿಂಗ್ಸ್ ಬೇಕಾದವು. ಆಟ ಇರುವುದೇ ಏಳು ಇನಿಂಗ್ಸ್. ಈ ಮಟ್ಟದಲ್ಲಿ ರನ್ ಅಷ್ಟು ದುಬಾರಿ. 14.02 ಮೀಟರ್ ದೂರದ ಪಿಚರ್ (ಚೆಂಡು ಎಸೆಯುವವನು) ಕೈಯಿಂದ ಗಂಟೆಗೆ 130 ಕಿ.ಮೀ. ವೇಗದಲ್ಲಿ ಹೊರಟ ಚೆಂಡು 0.4 ಸೆಕೆಂಡಿನೊಳಗೆ ಹೊಡೆಯುವವನ ಮುಂದಿನ ಪ್ಲೇಟ್ ತಲುಪಿರುತ್ತದೆ. ಬ್ಯಾಟ್ ಆರಿಸುವಾಗ ತಲೆಯಲ್ಲಿರಬೇಕಾದ ಲೆಕ್ಕ ಇದೇ.

ಹಿಡಿ, ಬ್ಯಾರೆಲ್ (ಚೆಂಡಿಗೆ ತಾಗುವ ದಪ್ಪ ಭಾಗ) ಎರಡನ್ನೂ ಬೇರೆಬೇರೆ ಮಾಡಿ ಕೂಡಿಸಿದ, 28 ಔನ್ಸ್ (ಸುಮಾರು 794 ಗ್ರಾಂ) ತೂಕದ ಬ್ಯಾಲೆನ್ಸ್ಡ್ (ಭಾರ ಸಮವಾಗಿ ಹಂಚಿದ) ಕಾಂಪೋಸಿಟ್, ಅಂದರೆ ನಾರು-ರಾಳದ ಪದರಗಳ ಬ್ಯಾಟ್ ಈ ಆಟಕ್ಕೆ ಚೆನ್ನಾಗಿ ಒಗ್ಗುತ್ತದೆ. ನಿಯಮ 34 ಇಂಚು ಉದ್ದ, 2¼ ಇಂಚು ದಪ್ಪ, 38 ಔನ್ಸ್ ತೂಕದವರೆಗೂ ಬಿಡುತ್ತದೆ; ಹಾಗಂತ 38 ಔನ್ಸಿನದ್ದನ್ನು ಬೀಸಿ ರೈಸ್‌ಬಾಲ್ (ಮೇಲೇರುವಂತೆ ಬರುವ ಎಸೆತ) ಹೊಡೆಯುತ್ತೇನೆಂಬುದು ಹುಂಬತನ. ತುದಿಯಲ್ಲಿ ಭಾರವಿರುವ ಎಂಡ್-ಲೋಡೆಡ್ ಮಾದರಿಯೂ ಹೆಚ್ಚಿನವರಿಗೆ ಬೇಡ. ಬೀಸು ಕೂದಲೆಳೆಯಷ್ಟು ತಡವಾದರೂ ಚೆಂಡು ಬ್ಯಾಟಿನ ಮೇಲಂಚಿಗೆ ತಾಗಿ ಸುಮ್ಮನೆ ಮೇಲೇರುತ್ತದೆ. ಹಿಡಿ-ಬ್ಯಾರೆಲ್ ಜೋಡಣೆಯ ದೊಡ್ಡ ಲಾಭವೆಂದರೆ ಹಿಡಿಯ ಹತ್ತಿರ ಪೆಟ್ಟು ಬಿದ್ದಾಗ ಕೈ ಜುಮ್ಮೆನ್ನುವುದು ಕಡಿಮೆ. ಬಂಟ್‌ಗೂ (ಬೀಸದೆ ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಹತ್ತಿರವೇ ಬೀಳಿಸುವುದಕ್ಕೂ) ಇದು ಒಳ್ಳೆಯದು, ಚೆಂಡು ಸತ್ತಂತೆ ಬೀಳುತ್ತದೆ. ಏಳು ಇನಿಂಗ್ಸ್ ಸಮವಾದ ಮೇಲಿನ ಟೈಬ್ರೇಕರ್‌ನಲ್ಲಿ ಎರಡನೇ ಬೇಸ್ ಮೇಲೆ ಓಟಗಾರನನ್ನು ನಿಲ್ಲಿಸಿಯೇ ಇನಿಂಗ್ಸ್ ಶುರುವಾಗುವುದರಿಂದ, ಅವನನ್ನು ಮುಂದಿನ ಬೇಸಿಗೆ ದಾಟಿಸುವ ಬಂಟ್ ಬರೀ ಅಲಂಕಾರವಲ್ಲ.

ಹೊಸ ಬ್ಯಾಟನ್ನು ನೇರವಾಗಿ ಪಂದ್ಯಕ್ಕೆ ಒಯ್ಯಬೇಡಿ. ಕ್ರಿಕೆಟ್ ಬ್ಯಾಟಿನಂತೆ ಇದನ್ನೂ ಪಳಗಿಸಬೇಕು. ಟೀ (ಚೆಂಡಿಡುವ ಕಂಬ) ಮೇಲೆ ಚೆಂಡಿಟ್ಟು ಮೊದಲ 50 ಹೊಡೆತ ಅರ್ಧ ಬಲದಲ್ಲಿ, ಆಮೇಲೆ ನೂರು-ನೂರೈವತ್ತು ಪೂರ್ತಿ ಬಲದಲ್ಲಿ. ಪ್ರತಿ ಹೊಡೆತಕ್ಕೂ ಬ್ಯಾಟನ್ನು ಕಾಲು ಸುತ್ತು ತಿರುಗಿಸಿ. ಇಲ್ಲದಿದ್ದರೆ ಒಂದೇ ಮೈ ಸಡಿಲಗೊಂಡು ಅಲ್ಲೇ ಬಿರುಕು ಬಿಡುತ್ತದೆ. ಪಿಚಿಂಗ್ ಮೆಷಿನ್ನಿನ ಗುಳಿಗುಳಿ ಚೆಂಡುಗಳು ಬೇಡವೇ ಬೇಡ, ಅವು ಗಟ್ಟಿ. ನೀರು ಕುಡಿದ ಚೆಂಡೂ ಅಷ್ಟೇ ಕೆಟ್ಟದ್ದು. ರೋಲರ್ ಯಂತ್ರದಲ್ಲಿ ಒತ್ತಿಸಿ ಬೇಗ ಪಳಗಿಸಿದರೆ ಬ್ಯಾಟ್ ನಿಯಮಬಾಹಿರ, ವಾರಂಟಿಯೂ ಹೋಯಿತು.

ಕಾಂಪೋಸಿಟ್ ಬ್ಯಾಟಿನ ನಿಜವಾದ ದೌರ್ಬಲ್ಯ ಚಳಿ. ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚೆಂಡು ಕಲ್ಲಾಗುತ್ತದೆ, ಬ್ಯಾರೆಲ್ ಪೆಡಸಾಗುತ್ತದೆ. 2017ರ ವಿಶ್ವಕೂಟ ನಡೆದದ್ದು ಕೆನಡಾದ ವಾಯವ್ಯ ಭಾಗದ ವೈಟ್‌ಹಾರ್ಸ್‌ನಲ್ಲಿ; ಅಂಥ ಕಡೆಯ ಸಂಜೆ ಆಟಕ್ಕೆ ಚೀಲದಲ್ಲೊಂದು ಅಲ್ಯುಮಿನಿಯಂ ಬ್ಯಾಟ್ ಇರಲೇಬೇಕು.

ಪಂದ್ಯಕ್ಕೆ ಮುಂಚೆ ಬ್ಯಾಟನ್ನು ಕಿವಿಯ ಹತ್ತಿರ ಅಲುಗಿಸಿ. ಒಳಗೆ ಗಲಗಲ ಅಂದರೆ ತುದಿಯ ಮುಚ್ಚಳವೋ ಒಳಪದರವೋ ಕಿತ್ತಿದೆ. ಬ್ಯಾರೆಲ್ ಸುತ್ತ ಉಗುರಾಡಿಸಿ. ಬಣ್ಣದ ಗೀರಿಗೆ ಉಗುರು ಸಿಕ್ಕುವುದಿಲ್ಲ, ಬಿರುಕಿಗೆ ಸಿಕ್ಕುತ್ತದೆ. ಅಂಪೈರ್ ಅಳತೆಯ ಬಳೆ ತೂರಿಸುವಾಗ ಬ್ಯಾರೆಲ್ ಉಬ್ಬಿ ಸಿಕ್ಕಿಕೊಂಡರೆ ಅಂದಿಗೆ ಅದು ಹೊರಗೆ. ಕೊಳ್ಳುವ ಮುನ್ನ, ಆ ಮಾದರಿಯ ಹೆಸರು ನೀವಾಡುವ ಟೂರ್ನಿಯ ಅನುಮೋದಿತ ಪಟ್ಟಿಯಲ್ಲಿದೆಯೇ ನೋಡಿ. ಮಹಿಳೆಯರ ಆಟಕ್ಕೆಂದು ಮಾಡಿದ ತೆಳು ಬ್ಯಾರೆಲ್‌ನದ್ದು ಪುರುಷರ ಪಿಚಿಂಗ್‌ಗೆ ಹೆಚ್ಚು ದಿನ ಬಾಳುವುದಿಲ್ಲ.