ಕೈ ವ್ಯಾಕ್ಯೂಮ್ ಪಂಪ್ ಕಿಟ್: ಹೆಸರು ಬ್ರೇಕಿನದು, ಹೆಚ್ಚು ಉಪಯೋಗ ಎಂಜಿನ್ನಿಗೆ

ಪಿಸ್ತೂಲಿನ ಆಕಾರದ ಹಿಡಿ, ಅದರ ಮೇಲೊಂದು ದುಂಡನೆಯ ಮೀಟರ್, ಎರಡು ಮೂತಿಯ ಪ್ಲಾಸ್ಟಿಕ್ ಡಬ್ಬಿ, ಒಂದೆರಡು ಮೊಳ ಪಾರದರ್ಶಕ ಪೈಪು, ಬೇರೆ ಬೇರೆ ಅಳತೆಯ ಒಂದಷ್ಟು ರಬ್ಬರ್ ಅಡಾಪ್ಟರ್. ಬ್ರೇಕ್ ಬ್ಲೀಡಿಂಗ್ (ಬ್ರೇಕ್ ಲೈನಿನಲ್ಲಿ ಸೇರಿದ ಏರ್ ತೆಗೆಯುವ) ಕಿಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಕೈ ವ್ಯಾಕ್ಯೂಮ್ ಪಂಪ್ ಕಿಟ್ ಅಂದರೆ ಇಷ್ಟೇ. ಹೆಸರು ನೋಡಿ ಬ್ರೇಕಿಗೆಂದೇ ಕೊಂಡವರು ಮೊದಲ ದಿನವೇ ಬೇಸರಪಡುವುದುಂಟು: ಎಷ್ಟು ಎಳೆದರೂ ಪೈಪಿನಲ್ಲಿ ಗುಳ್ಳೆ ನಿಲ್ಲುವುದಿಲ್ಲ. ಅದಕ್ಕೆ ಕಾರಣವೂ ಇದೆ, ಪರಿಹಾರವೂ ಇದೆ. ಆದರೆ ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್ ಇರುವ ಹಳೆ ಕಾರನ್ನು ಸ್ನೇಹಿತರ ಜೊತೆ ಮನೆಯಲ್ಲೇ ಬಿಚ್ಚಿ ಜೋಡಿಸುವವರಿಗೆ ಈ ಕಿಟ್‌ನ ನಿಜವಾದ ಬೆಲೆ ತಿಳಿಯುವುದು ಬಾನೆಟ್ ಎತ್ತಿದಾಗ.

ಡಬ್ಬ ಬಿಚ್ಚಿದ ಮೇಲೆ ಕಾರಿನ ಹತ್ತಿರ ಹೋಗುವ ಮೊದಲು ಪಂಪನ್ನೇ ಪರೀಕ್ಷೆ ಮಾಡಿ. ಪಂಪಿನ ಮೂತಿಗೆ ರಬ್ಬರ್ ಮುಚ್ಚಳ ಹಾಕಿ 20 ಇಂಚಿನವರೆಗೆ ಎಳೆದು ಐದು ನಿಮಿಷ ಹಾಗೇ ಬಿಡಿ. ಮೀಟರಿನಲ್ಲಿ ಇಂಚು ಅಂದರೆ ಪಾದರಸದ ಇಂಚು; 10 ಇಂಚು ಅಂದರೆ ಸುಮಾರು 254 ಮಿಲಿಮೀಟರ್ ಪಾದರಸ, 0.34 ಬಾರ್. ಮುಳ್ಳು ಒಂದು ಇಂಚು ಇಳಿದರೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚು ಇಳಿಯುವ ಪಂಪನ್ನು ಇಟ್ಟುಕೊಳ್ಳಬೇಡಿ, ಮುಂದೆ ಅದು ಕಾರಿನಲ್ಲಿ ಇಲ್ಲದ ಲೀಕ್ ಹುಡುಕಿಸುತ್ತದೆ. ಆಮೇಲೆ ಡಬ್ಬಿ, ಪೈಪು ಎಲ್ಲ ಜೋಡಿಸಿ ಅದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಈ ಸಲ ಇಳಿದರೆ ಸಾಮಾನ್ಯವಾಗಿ ತಪ್ಪು ಡಬ್ಬಿಯ ಮುಚ್ಚಳದಲ್ಲಿರುತ್ತದೆ: ಒಳಗಿನ ವಾಷರ್ ತಿರುಚಿಕೊಂಡಿರುತ್ತದೆ, ಇಲ್ಲವೇ ಅಚ್ಚಿನಲ್ಲಿ ಉಳಿದ ಪ್ಲಾಸ್ಟಿಕ್ ಅಂಚು ಅದಕ್ಕೆ ಒತ್ತುತ್ತಿರುತ್ತದೆ.

ಮೀಟರ್ ಸರಿ ತೋರಿಸುತ್ತಿದೆಯೋ ಇಲ್ಲವೋ ಎಂದು ನೋಡಲೂ ಸುಲಭದ ದಾರಿಯಿದೆ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ 29.92 ಇಂಚು, ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಇರುವ ಒತ್ತಡಕ್ಕಿಂತ ಹೆಚ್ಚು ವ್ಯಾಕ್ಯೂಮ್ ಎಳೆಯಲು ಯಾವ ಪಂಪಿಗೂ ಆಗದು. 900 ಮೀಟರ್ ಎತ್ತರದ ಜಾಗದಲ್ಲಿ ಮೀಟರ್ 29 ತೋರಿಸಿದರೆ ಆ ಮೀಟರ್ ತಪ್ಪು.

ಪ್ಲಾಸ್ಟಿಕ್ ಬಾಡಿ, ಲೋಹದ ಬಾಡಿ ಎರಡೂ ಸಿಗುತ್ತವೆ. ಎಳೆಯುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪ್ಲಾಸ್ಟಿಕ್ಕಿನದು ಮೊದಲು ಸೋಲುವುದು ಟ್ರಿಗರಿನ ಪಿನ್ ಕೂರುವ ತೂತಿನಲ್ಲಿ. ತೂತು ಅಗಲವಾದ ಮೇಲೆ ಪಿಸ್ಟನ್ ಓರೆಯಾಗಿ ಓಡಿ ಓ-ರಿಂಗ್ ಸವೆಯುತ್ತದೆ. ಓ-ರಿಂಗ್ ಮತ್ತು ವಾಲ್ವ್ ಬಿಡಿಯಾಗಿ ಸಿಗುವ, ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕಬಹುದಾದ ಪಂಪನ್ನೇ ತೆಗೆದುಕೊಳ್ಳಿ. ವ್ಯಾಕ್ಯೂಮ್ ಜೊತೆಗೆ ಪ್ರೆಶರ್ ಕೂಡ ಕೊಡುವ, ಗುಂಡಿ ತಿರುಗಿಸುವ ಮಾದರಿ ಬೇಕಾಗಿಲ್ಲ. ಲೀಕ್ ಆಗಲು ಇನ್ನೊಂದು ಜಾಗ ಹೆಚ್ಚಾದಂತೆ ಅಷ್ಟೇ.

ಈಗ ಬ್ರೇಕಿನ ವಿಷಯ. ಹಳೆ ಕಾರಿಗೆ ಈ ಪಂಪಿನಿಂದ ಒಂದು ದೊಡ್ಡ ಲಾಭವಿದೆ. ಇಬ್ಬರು ಸೇರಿ ಪೆಡಲ್ ಒತ್ತಿ ಏರ್ ತೆಗೆಯುವಾಗ ಪೆಡಲ್ ನೆಲ ಮುಟ್ಟುತ್ತದೆ. ಮಾಮೂಲು ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಸಿಲಿಂಡರಿನ) ಪಿಸ್ಟನ್ ಅಷ್ಟು ದೂರ ಹೋಗಿರುವುದೇ ಇಲ್ಲ. ಆದ್ದರಿಂದ ಮಾಸ್ಟರ್ ಸಿಲಿಂಡರಿನ ಆ ಕೊನೆಯ ಭಾಗ ತುಕ್ಕು, ಗಸಿ ಹಿಡಿದು ಒರಟಾಗಿರುತ್ತದೆ. ಹಳೆ ಸೀಲು ಅದರ ಮೇಲೆ ಹರಿದಾಡಿದರೆ ಅಂಚು ಕಿತ್ತುಹೋಗುತ್ತದೆ. ಏರ್ ತೆಗೆಯುವವರೆಗೂ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಆಮೇಲೆ ಕೈಕೊಡುವುದು ಹೀಗೆ. ಪಂಪಿನಲ್ಲಿ ಎಳೆದರೆ ಪೆಡಲನ್ನು ನೆಲ ಮುಟ್ಟಿಸುವ ಕೆಲಸವೇ ಇಲ್ಲ.

ಕಾರು ಗಟ್ಟಿ ನೆಲದ ಮೇಲೆ, ಸ್ಟ್ಯಾಂಡಿನ ಮೇಲೆ ಇರಲಿ. ಬರೀ ಜ್ಯಾಕಿನ ಮೇಲೆ ನಿಲ್ಲಿಸಿ ಕೆಲಸ ಬೇಡ. ಹಿಂದೆ ಡ್ರಮ್ ಇದ್ದರೆ ಮೊದಲು ಶೂ ಅಡ್ಜಸ್ಟ್ ಮಾಡಿ. ಸಡಿಲ ಶೂನಿಂದ ಪೆಡಲ್ ಆಳಕ್ಕೆ ಹೋಗುವುದನ್ನು ಏರ್ ಎಂದುಕೊಂಡು ಗಂಟೆಗಟ್ಟಲೆ ಎಳೆಯುವವರಿದ್ದಾರೆ. ನಿಪ್ಪಲ್‌ಗಳಿಗೆ (ಪ್ರತಿ ಚಕ್ರದ ಬ್ರೇಕಿನಲ್ಲಿ ಏರ್ ಹೊರಬಿಡಲು ಇರುವ ತೂತುಳ್ಳ ತಿರುಪುಗಳು) ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಬಿಚ್ಚುವಾಗ ಆರು ಮೂಲೆಯ ರಿಂಗ್ ಸ್ಪ್ಯಾನರನ್ನೇ ಬಳಸಿ. ನಂತರ ಪಂಪ್ ಮತ್ತು ಡಬ್ಬಿಯಿಂದ ಮೇಲಿನ ರಿಸರ್ವಾಯರಿನ ಕಪ್ಪು ಬ್ರೇಕ್ ಆಯಿಲನ್ನು ಎಳೆದು ತೆಗೆದು ಹೊಸದು ತುಂಬಿ. ಇದೊಂದು ಕೆಲಸವನ್ನು ಈ ಕಿಟ್‌ನಷ್ಟು ಅಚ್ಚುಕಟ್ಟಾಗಿ ಬೇರೆ ಯಾವುದೂ ಮಾಡುವುದಿಲ್ಲ, ಜೊತೆಗೆ ಕೊಳೆಯನ್ನು ಪೂರ್ತಿ ಲೈನಿನಲ್ಲಿ ಹಾಯಿಸುವುದೂ ತಪ್ಪುತ್ತದೆ. ನಾಲ್ಕೂ ಚಕ್ರಕ್ಕೆ ಪೂರ್ತಿ ಬದಲಿಸಲು ಅರ್ಧದಿಂದ ಒಂದು ಲೀಟರ್ ಬೇಕು. ಬಾಟಲಿ ಹೊಸದಾಗಿರಲಿ. ಡಾಟ್ 3, ಡಾಟ್ 4 ಎಂಬುವು ಬ್ರೇಕ್ ಆಯಿಲಿನ ದರ್ಜೆಗಳು. ಡಾಟ್ 3ರ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 140. ಡಾಟ್ 4ರದು 230 ಮತ್ತು 155. ತೆರೆದಿಟ್ಟ ಬಾಟಲಿ ಗಾಳಿಯಿಂದಲೇ ತೇವ ಹೀರುತ್ತಿರುತ್ತದೆ. ಇವೆರಡಕ್ಕೂ ಸಿಲಿಕೋನ್‌ನ ಡಾಟ್ 5 ಬೆರೆಸಬಾರದು.

ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು. ಎರಡು ಬ್ರೇಕ್ ಸರ್ಕ್ಯೂಟನ್ನು ಮೂಲೆಯಿಂದ ಮೂಲೆಗೆ (ಮುಂದಿನ ಒಂದು ಚಕ್ರ, ಎದುರು ಬದಿಯ ಹಿಂದಿನ ಒಂದು ಚಕ್ರ) ಹಂಚಿರುವ ಕಾರಿನಲ್ಲಿ ಮ್ಯಾನ್ಯುಯಲ್ ಹೇಳಿದ ಕ್ರಮ. ರಿಂಗ್ ಸ್ಪ್ಯಾನರನ್ನು ನಿಪ್ಪಲ್‌ಗೆ ಮೊದಲೇ ಕೂರಿಸಿ, ಆಮೇಲೆ ಪೈಪು ತೊಡಿಸಿ. ಡಿಸ್ಕ್ ಇದ್ದರೆ 15ರಿಂದ 20 ಇಂಚು ಎಳೆದು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ, ಮುಳ್ಳು 5ಕ್ಕೆ ಬರುವ ಮುಂಚೆ ಬಿಗಿ ಮಾಡಿ. ಡ್ರಮ್ ಇದ್ದರೆ 10 ಇಂಚು ದಾಟಬೇಡಿ. ಡ್ರಮ್ಮಿನೊಳಗೆ ಶೂ ತಳ್ಳುವ ವ್ಹೀಲ್ ಸಿಲಿಂಡರಿನ ಕಪ್ ಸೀಲು ಒಳಗಿನ ಒತ್ತಡಕ್ಕೆ ಅಗಲವಾಗಿ ಗೋಡೆಗೆ ಅಂಟುವಂತೆ ಮಾಡಿದ್ದು. ಒಳಗಿಂದ ಎಳೆದರೆ ಅದರ ತುಟಿ ಗೋಡೆ ಬಿಟ್ಟು ಹೊರಗಿನ ಗಾಳಿಗೆ ದಾರಿ ಕೊಡುತ್ತದೆ. ಏರ್ ತೆಗೆಯಲು ಹೋಗಿ ಏರ್ ತುಂಬಿಸಿದ ಹಾಗಾಗುತ್ತದೆ. ಎರಡು ಮೂರು ಸಲ ಎಳೆದ ಮೇಲೆ ರಿಸರ್ವಾಯರ್ ನೋಡಲೇಬೇಕು. ಹಳೆ ಕಾರಿನ ಸಣ್ಣ ರಿಸರ್ವಾಯರ್ ಪಂಪಿನ ಎಳೆತಕ್ಕೆ ಬೇಗ ಬರಿದಾಗುತ್ತದೆ, ಬರಿದಾದರೆ ಮೊದಲಿನಿಂದ ಶುರು. ಒಬ್ಬರು ಪಂಪಿನಲ್ಲಿದ್ದರೆ ಇನ್ನೊಬ್ಬರಿಗೆ ಬೇರೇನೂ ಕೆಲಸ ಕೊಡದೆ ಬಾಟಲಿ ಹಿಡಿದು ಅಲ್ಲೇ ನಿಲ್ಲಿಸುವುದು ಒಳ್ಳೆಯದು.

ಇನ್ನು ಆ ನಿಲ್ಲದ ಗುಳ್ಳೆ. ನಿಪ್ಪಲ್ ಸಡಿಲಿಸಿದಾಗ ಅದರ ಮರೆಗಳ (ತಿರುಪಿನ ಸುರುಳಿ ಗೆರೆಗಳ) ಸಂದಿಯಿಂದ ಹೊರಗಿನ ಗಾಳಿಯೂ ಪೈಪಿಗೆ ನುಗ್ಗುತ್ತದೆ. ಮರೆ ಲೀಕ್ ತಡೆಯುವುದಕ್ಕೆ ಇರುವುದಲ್ಲ, ಅದನ್ನು ತಡೆಯುವುದು ತುದಿಯ ಚೂಪಾದ ಸೀಟು. ಪೈಪನ್ನು ಹತ್ತಿರದಿಂದ ನೋಡಿದರೆ ವ್ಯತ್ಯಾಸ ಕಾಣುತ್ತದೆ: ಮರೆಯ ಗಾಳಿ ಸಾಸಿವೆಗಿಂತ ಸಣ್ಣ, ಒಂದೇ ಗಾತ್ರದ ಗುಳ್ಳೆಗಳ ಸಾಲಾಗಿ ನಿಪ್ಪಲಿನ ಬಾಯಿಂದಲೇ ಹುಟ್ಟುತ್ತದೆ, ಲೈನಿನೊಳಗಿನ ಏರ್ ಬಿಡಿಬಿಡಿಯಾಗಿ, ಚಿಕ್ಕದು ದೊಡ್ಡದು ಬೆರೆತು, ಆಯಿಲಿನ ಜೊತೆ ತಳ್ಳಿಕೊಂಡು ಬರುತ್ತದೆ. ಕಣ್ಣಿಗೆ ನಂಬಿಕೆ ಸಾಲದಿದ್ದರೆ ನಿಪ್ಪಲನ್ನು ಬಿಗಿ ಮಾಡಿ ಎಳೆದು ನೋಡಿ. ಆಗಲೂ ಗುಳ್ಳೆ ಬರುತ್ತಿದ್ದರೆ ಅದು ಲೈನಿನದಾಗಿರಲು ಸಾಧ್ಯವೇ ಇಲ್ಲ. ನಿಪ್ಪಲಿನ ಬುಡಕ್ಕೆ ಸುತ್ತಲೂ ಸಿಲಿಕೋನ್ ಗ್ರೀಸ್ ದಪ್ಪಗೆ ಬಳಿದರೆ ಗುಳ್ಳೆ ಬಹುಮಟ್ಟಿಗೆ ನಿಲ್ಲುತ್ತದೆ. ಮಾಮೂಲು ಗ್ರೀಸ್ ಬೇಡ: ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ದ್ರವ, ಮತ್ತು ಅದರ ಜೊತೆ ಬಾಳುವ ರಬ್ಬರ್ ಪೆಟ್ರೋಲಿಯಂ ತಾಗಿದರೆ ಊದಿಕೊಳ್ಳುತ್ತದೆ. ನಿಪ್ಪಲ್ ಪೂರ್ತಿ ಬಿಚ್ಚಿ ಮರೆಗೆ ಎರಡು ಸುತ್ತು ಟೆಫ್ಲಾನ್ ಟೇಪ್ ಸುತ್ತುವ ದಾರಿಯೂ ಇದೆ, ಆದರೆ ತುದಿಯ ಸೀಟು ಮತ್ತು ಪಕ್ಕದ ತೂತಿನ ಮೇಲೆ ಒಂದೆಳೆಯೂ ಬರಕೂಡದು.

ಆಯಿಲ್ ಬರುವುದೇ ಇಲ್ಲವೆಂದರೆ ಪಂಪನ್ನು ಬಯ್ಯಬೇಡಿ. ನಿಪ್ಪಲಿನ ತೂತು ತುಕ್ಕಿನಿಂದ ಮುಚ್ಚಿರಬಹುದು; ಸಣ್ಣ ತಂತಿಯಲ್ಲಿ ಚುಚ್ಚಿ ನೋಡಿ. ಚಕ್ರದ ಹತ್ತಿರದ ರಬ್ಬರ್ ಬ್ರೇಕ್ ಹೋಸ್ ಒಳಗೊಳಗೇ ಊದಿ ಕಟ್ಟಿಕೊಂಡಿರಬಹುದು. ಹೊರಗಿನಿಂದ ಹೊಸದರಂತೆ ಕಾಣುವ ಹೋಸಿನಲ್ಲೂ ಹೀಗಾಗುತ್ತದೆ, ಒಂದು ಚಕ್ರಕ್ಕೆ ಮಾತ್ರ ಆಯಿಲ್ ನಿಧಾನವಾದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ನಾಲ್ಕೂ ಚಕ್ರಕ್ಕೆ ಬರದಿದ್ದರೆ ಪೆಡಲಿನಿಂದ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತಳ್ಳುವ ಪುಶ್‌ರಾಡ್ ನೋಡಿ. ಅದಕ್ಕೆ ಸ್ವಲ್ಪವೂ ಪ್ಲೇ (ಸಡಿಲು ಅಂತರ) ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಾರದೆ ರಿಸರ್ವಾಯರಿನ ಸಣ್ಣ ತೂತು ಮುಚ್ಚಿಯೇ ಇರುತ್ತದೆ.

ಪಂಪಿನ ಕೆಲಸ ಮುಗಿದರೂ ಬ್ರೇಕಿನ ಕೆಲಸ ಮುಗಿಯುವುದಿಲ್ಲ. ಪೆಡಲ್ ಕೆಳಗೆ ಮರದ ತುಂಡು ಇಟ್ಟು ನೆಲ ಮುಟ್ಟದಂತೆ ಮಾಡಿ, ಒಬ್ಬರು ಒಳಗೆ ಕೂತು, ಪ್ರತಿ ಚಕ್ರಕ್ಕೆ ಎರಡು ಮೂರು ಸಲ ಹಳೆ ಪದ್ಧತಿಯಲ್ಲೇ ಏರ್ ತೆಗೆಯಿರಿ. "ಒತ್ತು" ಅಂದಾಗ ನಿಧಾನವಾಗಿ ಒತ್ತಬೇಕು, "ಹಿಡಿ" ಅಂದರೆ ಹಾಗೇ ಹಿಡಿದಿರಬೇಕು, ನಿಪ್ಪಲ್ ಬಿಗಿಯಾದ ಮೇಲೆ "ಬಿಡು" ಅಂದಾಗ ಮಾತ್ರ ಬಿಡಬೇಕು. ಲೈನಿನ ಎತ್ತರದ ತಿರುವುಗಳಲ್ಲಿ ಕೂತ ಗುಳ್ಳೆ ಪಂಪಿನ ಎಳೆತಕ್ಕಿಂತ ಈ ಒತ್ತಡಕ್ಕೆ ಬೇಗ ಕದಲುತ್ತದೆ. ಪೆಡಲ್ ಕಲ್ಲಿನಂತೆ ನಿಲ್ಲದೆ ಕಾರು ರಸ್ತೆಗೆ ಇಳಿಯಬಾರದು.

ಎಂಜಿನ್ ಕಡೆಗೆ ಬಂದರೆ ಕಿಟ್ ನಿಜವಾಗಿ ಮಿಂಚುತ್ತದೆ. ಮೊದಲಿಗೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್, ಅಂದರೆ ಎಂಜಿನ್ನಿನ ವ್ಯಾಕ್ಯೂಮಿಗೆ ತಕ್ಕಂತೆ ಕಿಡಿ ಹಾರುವ ಸಮಯವನ್ನು ಮುಂಚಿತ ಮಾಡುವ ಘಟಕ. ಪಿಕಪ್ ಮಂಕು, ಮೈಲೇಜ್ ಕಡಿಮೆ ಎಂದು ಕಾರ್ಬೊರೇಟರನ್ನು ಮತ್ತೆ ಮತ್ತೆ ಬಿಚ್ಚುವ ಎಷ್ಟೋ ಹಳೆ ಕಾರುಗಳಲ್ಲಿ ತಪ್ಪು ಇಲ್ಲಿರುತ್ತದೆ: ಡಯಾಫ್ರಮ್ ಹರಿದಿರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಕ್ಯಾಪ್ ಮತ್ತು ರೋಟರ್ ತೆಗೆದು, ಘಟಕದ ಮೂತಿಗೆ ಪಂಪ್ ಸಿಕ್ಕಿಸಿ 15 ಇಂಚು ಎಳೆಯಿರಿ. ಪಾಯಿಂಟ್ ಕೂತ ಪ್ಲೇಟು ತಿರುಗಬೇಕು, ಮುಳ್ಳು ಒಂದು ನಿಮಿಷ ಕದಲಬಾರದು. ಮುಳ್ಳು ಬಿದ್ದುಹೋದರೆ ಡಯಾಫ್ರಮ್ ಹೋಗಿದೆ. ಮುಳ್ಳು ನಿಂತು ಪ್ಲೇಟು ಅಲ್ಲಾಡದಿದ್ದರೆ ಪ್ಲೇಟು ಒಣಗಿ ಹಿಡಿದುಕೊಂಡಿದೆ. ತೊಳೆದು, ಅದರ ಬೇರಿಂಗ್ ಜಾಗಕ್ಕೆ ಒಂದು ಹನಿ ತೆಳು ಎಣ್ಣೆ ಬಿಟ್ಟರೆ ಸಾಕು, ಹೊಸ ಘಟಕ ಬೇಡ. ಲ್ಯೂಕಾಸ್ ಕಂಪನಿಯ ಘಟಕಗಳ ಮೇಲೆ 5 17 10 ಎಂಬಂತೆ ಮೂರು ಸಂಖ್ಯೆ ಕೊರೆದಿರುತ್ತಾರೆ. 5 ಇಂಚಿಗೆ ಪ್ಲೇಟು ಕದಲಲು ಶುರು, 17 ಇಂಚಿಗೆ ಪೂರ್ತಿ, ಒಟ್ಟು 10 ಡಿಗ್ರಿ ಎಂದು ಅದರರ್ಥ. ಆ 10 ಡಿಸ್ಟ್ರಿಬ್ಯೂಟರಿನ ಡಿಗ್ರಿ, ಕ್ರ್ಯಾಂಕ್ ಪುಲ್ಲಿಯಲ್ಲಿ ಟೈಮಿಂಗ್ ಲೈಟ್ ಹಿಡಿದರೆ 20 ಕಾಣಬೇಕು. ಬೇರೆ ಕಾರಿನ ಘಟಕ ಹಾಕುವಾಗ, ಕಾರ್ಬೊರೇಟರ್ ಬದಲಿಸುವಾಗ ಈ ಮೂರು ಸಂಖ್ಯೆಯನ್ನು ಪಂಪಿನಲ್ಲಿ ಒಂದೊಂದಾಗಿ ತಾಳೆ ನೋಡಬಹುದು. ಅಂದಾಜಿನ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಪಂಪನ್ನು ಒತ್ತದೆ ಬರೀ ಮೀಟರಾಗಿ ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಕಾರ್ಬೊರೇಟರಿನಿಂದ ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆಗೆ) ಸೇರಿಸಿದರೆ ಎಂಜಿನ್ನಿನ ನಾಡಿ ನೋಡಿದಂತೆ. ಬಿಸಿಯಾದ, ಆರೋಗ್ಯದ ಎಂಜಿನ್ ಐಡ್ಲಿಂಗ್‌ನಲ್ಲಿ ಸಮುದ್ರ ಮಟ್ಟದಲ್ಲಿ 17ರಿಂದ 21 ಇಂಚಿನ ನಡುವೆ ಅಲುಗದೆ ನಿಲ್ಲುತ್ತದೆ. ಎತ್ತರದ ಜಾಗದ ಲೆಕ್ಕ ಮೇಲೆ ಹೇಳಿದ್ದೇ. ಅಲುಗದೆ ಒಂದೆರಡು ಇಂಚು ಕೆಳಗಿದ್ದರೆ ಇಗ್ನಿಷನ್ ಟೈಮಿಂಗ್ ಹಿಂದಿರುವುದು ಹೆಚ್ಚು. 10ಕ್ಕಿಂತ ಕೆಳಗೆ ಕೂತಿದ್ದರೆ ಮ್ಯಾನಿಫೋಲ್ಡ್ ಅಥವಾ ಕಾರ್ಬೊರೇಟರ್ ಬುಡದ ಗ್ಯಾಸ್ಕೆಟಿನಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ. ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಮುಳ್ಳು ಕೆಳಗೆ ಕುಕ್ಕಿದರೆ ಯಾವುದೋ ಒಂದು ವಾಲ್ವ್ ಸುಟ್ಟಿದೆ, ಇಲ್ಲವೇ ಕೂರುತ್ತಿಲ್ಲ. ಐಡ್ಲಿಂಗ್‌ನಲ್ಲಿ ಗಡಗಡ ನಡುಗಿ ವೇಗ ಹೆಚ್ಚಿದಾಗ ಸ್ಥಿರವಾದರೆ ವಾಲ್ವ್ ಗೈಡ್ ಸವೆದಿದೆ. ಉದ್ದುದ್ದ ತೂಗಾಡಿದರೆ ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ. 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ಮೆಲ್ಲಗೆ ಜಾರುತ್ತಲೇ ಹೋದರೆ ಸೈಲೆನ್ಸರ್ ಕಟ್ಟಿದೆ. ಹೆಡ್ ಇಳಿಸುವ ಮುಂಚೆ ಇಷ್ಟು ತಿಳಿದಿದ್ದರೆ ಒಂದು ಭಾನುವಾರ ಉಳಿಯುತ್ತದೆ.

ಐಡಲ್ ಮಿಕ್ಸ್ಚರ್ ಸ್ಕ್ರೂ ಕೂಡ ಇದರಲ್ಲೇ ಹೊಂದಿಸಬಹುದು. ಕಾಲು ಕಾಲು ಸುತ್ತು ತಿರುಗಿಸಿ ಮುಳ್ಳು ಅತಿ ಮೇಲೆ ನಿಲ್ಲುವ ಜಾಗ ಹಿಡಿದು, ಅಲ್ಲಿಂದ ಇಳಿಯುವ ಸೂಚನೆ ಕಾಣುವಷ್ಟೇ ಒಳಗೆ ತಿರುಗಿಸಿ, ಐಡ್ಲಿಂಗ್ ವೇಗ ಮತ್ತೆ ಸರಿಮಾಡಿ. ಟೈಮಿಂಗ್, ಟ್ಯಾಪೆಟ್ ಸರಿಯಿದ್ದರೆ ಮಾತ್ರ ಇದಕ್ಕೆ ಅರ್ಥ.

ಬ್ರೇಕ್ ಬೂಸ್ಟರಿಗೆ (ಎಂಜಿನ್ನಿನ ವ್ಯಾಕ್ಯೂಮಿನಿಂದ ಪೆಡಲ್ ಒತ್ತುವ ಬಲ ಹೆಚ್ಚಿಸುವ ಡಬ್ಬಕ್ಕೆ) ಈ ಪಂಪ್ ಚಿಕ್ಕದು. ಅದರಲ್ಲಿ ವ್ಯಾಕ್ಯೂಮ್ ತುಂಬಲು ನೂರಕ್ಕೂ ಹೆಚ್ಚು ಸಲ ಒತ್ತಬೇಕು. ಅದರ ಪೈಪಿನ ಒಂದು ದಿಕ್ಕಿನ ವಾಲ್ವ್ ಪರೀಕ್ಷೆಗೆ ಮಾತ್ರ ಸೊಗಸಾಗಿ ಒದಗುತ್ತದೆ: ಬೂಸ್ಟರ್ ಕಡೆಯ ಮೂತಿಗೆ ಹಾಕಿದಾಗ ವ್ಯಾಕ್ಯೂಮ್ ನಿಲ್ಲಬೇಕು, ತಿರುಗಿಸಿ ಹಾಕಿದಾಗ ನಿಲ್ಲಬಾರದು. ಥ್ರಾಟಲ್ ಇಲ್ಲದ ಹಳೆ ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಹುಡುಕಬೇಡಿ, ಅಲ್ಲಿ ಅದು ಇರುವುದಿಲ್ಲ.

ಪಂಪ್ ಹಾಳಾಗುವುದು ಬಹುಪಾಲು ಒಂದೇ ಕಾರಣಕ್ಕೆ: ಡಬ್ಬಿ ಅಡ್ಡ ಬಿದ್ದು ಬ್ರೇಕ್ ಆಯಿಲ್ ಒಳಗೆ ಹೋಗುವುದು. ಡಬ್ಬಿಯ ಎರಡು ಮೂತಿಗಳಲ್ಲಿ ಒಳಗಡೆ ಉದ್ದ ಕೊಳವೆ ಇರುವುದು ನಿಪ್ಪಲಿನ ಕಡೆಗೆ, ಗಿಡ್ಡನೆಯದು ಪಂಪಿನ ಕಡೆಗೆ. ತಿರುಗುಮುರುಗಾದರೆ ಮೊದಲ ಎಳೆತಕ್ಕೇ ಪಿಸ್ಟನ್ ನೆನೆಯುತ್ತದೆ. ಅರ್ಧ ತುಂಬಿದ ಕೂಡಲೇ ಖಾಲಿ ಮಾಡಿ, ನೇರವಾಗಿ ನಿಲ್ಲುವಂತೆ ತಂತಿಯಲ್ಲಿ ನೇತುಹಾಕಿ. ಪೇಂಟ್ ಮೇಲೆ ಚೆಲ್ಲಿದರೆ ಒರೆಸುತ್ತ ಕೂರದೆ ಆ ಕ್ಷಣವೇ ನೀರು ಸುರಿಯಿರಿ. ಬ್ರೇಕಿಗೆ ಒಂದು ಪೈಪು, ಎಂಜಿನ್ನಿಗೆ ಇನ್ನೊಂದು ಎಂದು ಬೇರೆ ಇಟ್ಟು ಟೇಪಿನಿಂದ ಗುರುತು ಮಾಡಿ. ಬ್ರೇಕಿನ ಪೈಪು, ಡಬ್ಬಿಯನ್ನು ನೀರಲ್ಲಿ ತೊಳೆದು ಎರಡು ದಿನ ಪೂರ್ತಿ ಒಣಗಿಸಿದ ಮೇಲೆಯೇ ಪೆಟ್ಟಿಗೆಗೆ ಹಾಕಿ, ಪಿಸ್ಟನ್ ಓ-ರಿಂಗಿಗೆ ಆಗಾಗ ಅದೇ ಸಿಲಿಕೋನ್ ಗ್ರೀಸ್ ಸವರಿ.