ಹಣ್ಣಿನ ವ್ಯಾಪಾರಕ್ಕೆ ದುಡ್ಡು ಹಾಕುವ ಮುಂಚೆ ಕೊಳೆತದ ಲೆಕ್ಕ ಕೇಳಿ

ಸಗಟು ಹಣ್ಣಿನ ವ್ಯಾಪಾರವೊಂದಕ್ಕೆ ಬಂಡವಾಳ ಹಾಕಿ ಹಲವರು ಕೈಸುಟ್ಟುಕೊಂಡ ಪ್ರಕರಣ ಇದು. ಮೊದಲ ಕೆಲವು ತಿಂಗಳು ಲಾಭದ ಪಾಲು ತಾರೀಖು ತಪ್ಪದೆ ಬಂತು. ಆಮೇಲೆ ತಡವಾಯಿತು, ಕೊನೆಗೆ ನಿಂತೇಹೋಯಿತು. ಲೆಕ್ಕಪುಸ್ತಕ ತೆಗೆಸಿ ನೋಡಿದರೆ, ಗೋದಾಮಿನಲ್ಲಿದೆ ಎಂದು ಬರೆದಿದ್ದ ಮಾಲಿನಲ್ಲಿ ಅರ್ಧಕ್ಕರ್ಧ ಆಗಲೇ ತಿಪ್ಪೆ ಸೇರಿತ್ತು. ಎಸೆದ ಹಣ್ಣನ್ನು ಪುಸ್ತಕದಿಂದ ಕಳೆದೇ ಇರಲಿಲ್ಲ, ಕೊಂಡ ಬೆಲೆಗೇ ದಾಸ್ತಾನು ಅಂತ ತೋರಿಸಿದ್ದರು. ಲಾಭ ಅಂತ ಹಂಚಿದ್ದು ಹೊಸದಾಗಿ ಸೇರಿದವರ ಅಸಲನ್ನು.

ಇದರಲ್ಲಿ ಮೋಸವೆಷ್ಟು, ತಿಳಿಗೇಡಿತನವೆಷ್ಟು ಅನ್ನುವುದು ಬೇರೆ ಚರ್ಚೆ. ಒಂದು ಸಣ್ಣ ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಕೆಜಿಗೆ 100ರಂತೆ 100 ಕೆಜಿ ಕೊಂಡರೆ ಅಸಲು 10,000. ಕೆಜಿಗೆ 120ರಂತೆ ಮಾರಿದರೆ 2,000 ಲಾಭ ಎಂದು ನಂಬಿಸಿದ್ದರು. ಆದರೆ ಹಣ್ಣಿನ ನೀರು ಆರಿ ತೂಕ ಇಳಿಯುತ್ತದೆ, ಲೋಡು ಇಳಿಸುವಾಗ ಜಜ್ಜುತ್ತದೆ, ಕೊಳೆಯುತ್ತದೆ. ಮೂರೂ ಸೇರಿ 12 ಕೆಜಿ ಹೋಯಿತೆನ್ನಿ. ಉಳಿದ 88 ಕೆಜಿಗೆ ಬರುವುದು 10,560. ಸಾಗಣೆ, ಹಮಾಲಿ, ಬಾಡಿಗೆ, ಕರೆಂಟಿಗೆ 600 ಹಿಡಿದರೆ ಒಟ್ಟು ಖರ್ಚು 10,600. ಅಲ್ಲಿಗೆ 40 ಕೈಬಿಟ್ಟಿತು! ಇದೂ ಅಷ್ಟೂ ಮಾಲು ಒಂದೇ ದರಕ್ಕೆ ಹೋದರೆ ಮಾತ್ರ. ಮೆತ್ತಗಾದ ಕೊನೆಯ ಕ್ರೇಟುಗಳಿಗೆ ಪೂರ್ತಿ ಬೆಲೆ ಯಾರು ಕೊಡುತ್ತಾರೆ?

ಅಲ್ಲಿ ಅಷ್ಟೊಂದು ಕೊಳೆತದ್ದಕ್ಕೆ ಕಾರಣವೂ ಕಣ್ಣೆದುರೇ ಇತ್ತು. ಬಾಡಿಗೆ ಉಳಿಸಲು ಸೇಬು, ಕಿವಿ ಹಣ್ಣು, ಬಾಳೆಕಾಯಿ ಮೂರನ್ನೂ 4 ಡಿಗ್ರಿಯ ಒಂದೇ ಕೋಲ್ಡ್ ರೂಮಿಗೆ ತುಂಬಿದ್ದರು. ಸೇಬು, ಕಿವಿಗೆ 0 ಡಿಗ್ರಿಯ ಆಸುಪಾಸು ಸರಿ. ಬಾಳೆ 13 ಡಿಗ್ರಿಗಿಂತ ಕೆಳಗಿನ ತಂಪು ತಡೆಯುವುದಿಲ್ಲ. ಒಳಗಿರುವಾಗ ಕಾಯಿ ಹಸಿರಾಗಿಯೇ ಕಾಣುತ್ತದೆ, ಹೊರಗೆ ತಂದು ಮಾಗಲು ಇಟ್ಟಾಗ ಹಳದಿ ತಿರುಗುವ ಬದಲು ಬೂದಿ ಬಡಿದಂತೆ ಮಂಕಾಗುತ್ತದೆ. ಸಂಶಯವಿದ್ದರೆ ಚಾಕುವಿನಿಂದ ಸಿಪ್ಪೆಯನ್ನು ತೆಳ್ಳಗೆ ಹೆರೆದು ನೋಡಿ. ಉದ್ದಕ್ಕೆ ಕಂದು ಗೆರೆಗಳಿದ್ದರೆ ಆ ಲೋಡಿನ ಆಸೆ ಬಿಡಬಹುದು. ಇನ್ನು ಸೇಬು ಬಿಡುವ, ಹಣ್ಣನ್ನು ಮಾಗಿಸುವ ಎಥಿಲೀನ್ ಅನಿಲ ಅತ್ಯಲ್ಪ ಪ್ರಮಾಣದಲ್ಲಿದ್ದರೂ, ತಂಪಿನಲ್ಲಿದ್ದರೂ, ಕಿವಿ ಬೇಗ ಮೆತ್ತಗಾಗುತ್ತದೆ. ಅವೆರಡನ್ನು ಒಟ್ಟಿಗೆ ಇಡಲೇಬಾರದು.

ಬಾಳೆ ಮಾಗಿಸಲು ಪ್ರತ್ಯೇಕ ಕೋಣೆ ಬೇಕು: 14ರಿಂದ 18 ಡಿಗ್ರಿ, 90ರಿಂದ 95% ತೇವಾಂಶ, 100ರಿಂದ 150 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಎಥಿಲೀನ್, ಸುಮಾರು 24 ಗಂಟೆ. ಜೊತೆಗೆ ಆಗಾಗ ಗಾಳಿ ಬದಲಿಸಬೇಕು. ಕಾರ್ಬನ್ ಡೈಆಕ್ಸೈಡ್ 1% ದಾಟಿದರೆ ಎಥಿಲೀನ್ ಇದ್ದೂ ಕೆಲಸ ಮಾಡದು, ಕಾಯಿ ಒಂದೊಂದು ಒಂದೊಂದು ಬಣ್ಣಕ್ಕೆ ತಿರುಗುತ್ತದೆ. ಇದೆಲ್ಲ ಯಾಕೆ, ಕಾರ್ಬೈಡ್ ಇಟ್ಟರಾಯಿತಲ್ಲ ಎನ್ನುವವರ ಜೊತೆ ಪಾಲುದಾರಿಕೆಯೇ ಬೇಡ. ಅದರಲ್ಲಿ ಆರ್ಸೆನಿಕ್‌ನ ಕಲ್ಮಶವಿರುತ್ತದೆ. ಮಾಲು ಜಪ್ತಿಯಾದರೆ ನಿಮ್ಮ ದುಡ್ಡೂ ಅದರ ಜೊತೆಗೇ ಹೋಗುತ್ತದೆ.

ಗೋದಾಮು ನೋಡಲು ಹೋದಾಗ ಮೇಲಿನ ಕ್ರೇಟು ನೋಡಿ ಮರುಳಾಗಬೇಡಿ. ಅಟ್ಟಿಯ ನಡುವಿನ, ತಳದ ಕ್ರೇಟನ್ನು ಎಳೆಸಿ, ಒಂದು ಹಣ್ಣಿನ ತಿರುಳಿಗೆ ಥರ್ಮಾಮೀಟರ್ ಕಡ್ಡಿ ಚುಚ್ಚಿ ನೋಡಿ. ಗೋಡೆಯ ಮೀಟರು ತೋರಿಸುವುದು ಗಾಳಿಯ ಬಿಸಿಯನ್ನಷ್ಟೇ. ಹಣ್ಣು ಉಸಿರಾಡುತ್ತಾ ತಾನೇ ಬಿಸಿ ಹುಟ್ಟಿಸುವುದರಿಂದ ಅಟ್ಟಿಯ ನಡುವೆ ಕಾವು ಹೆಚ್ಚಿರುತ್ತದೆ. ಕ್ರೇಟಿನ ತೂಕ ಕಳೆದು ಬಂದ ಮಾಲೆಷ್ಟು, ಮಾರಿದ್ದೆಷ್ಟು, ಎಸೆದದ್ದೆಷ್ಟು, ಉಳಿದದ್ದೆಷ್ಟು ಎಂಬ ದಿನವಹಿ ತೂಕದ ಪುಸ್ತಕ ಕೇಳಿ. ಎಸೆದ ಕಾಲಂ ಖಾಲಿ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಸುಗ್ಗಿಯಿರಲಿ ಬಿಡಲಿ, ತಿಂಗಳಿಗೆ ಇಷ್ಟು ಎಂದು ಖಚಿತ ಲಾಭದ ಮಾತು ಕೊಡುವವರಿದ್ದಲ್ಲೂ ಅಷ್ಟೇ.

ಕರಾರುಪತ್ರದಲ್ಲಿ ಕೊಳೆತದ ನಷ್ಟ ಯಾರ ತಲೆಗೆ ಎಂದು ಸ್ಪಷ್ಟವಾಗಿ ಬರೆಸಿ. ಉದ್ರಿ ಕೊಟ್ಟ ಮಾಲಿನ ದುಡ್ಡು ವಸೂಲಾಗುವ ತನಕ ಅದನ್ನು ಲಾಭಕ್ಕೆ ಹಿಡಿಯಬಾರದು ಎಂದೂ ಸೇರಿಸಿ. ಖಾಲಿ ಕ್ರೇಟುಗಳ ಲೆಕ್ಕವನ್ನೂ ಬಿಡಬೇಡಿ. ಚಿಲ್ಲರೆಯವರಿಂದ ಹಿಂತಿರುಗದ ಕ್ರೇಟೂ ನಿಮ್ಮ ಬಂಡವಾಳದ್ದೇ.